ಸಿಗಂದೂರು ಸೇತುವೆ: ಲಾಂಚ್ ಹೋಯಿತು, ಅದು ಮಾಡುತ್ತಿದ್ದ ಕೆಲಸ ಯಾರಿಗೆ?

2025ರ ಜುಲೈ 14ರಂದು ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಶಿವಮೊಗ್ಗ ಜಿಲ್ಲೆಯ ಶರಾವತಿ ಹಿನ್ನೀರಿನ ಮೇಲೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನು, ಅಂದರೆ ಸಿಗಂದೂರು ಸೇತುವೆಯನ್ನು ಉದ್ಘಾಟಿಸಿದರು. ಆ ವಾರ ಸುದ್ದಿಯಾಗಿದ್ದು ಎರಡೇ ಸಂಗತಿ. ಮುಖ್ಯಮಂತ್ರಿಗೆ ಕರೆ ಹೋಗಿತ್ತೇ, ಇಲ್ಲವೇ ಎನ್ನುವುದು ಒಂದು. ಇದು ದೇಶದಲ್ಲೇ ಎರಡನೇ ಅತಿ ಉದ್ದದ ಕೇಬಲ್ ಸೇತುವೆ ಹೌದೇ, ಅಲ್ಲವೇ ಎನ್ನುವುದು ಇನ್ನೊಂದು. ತಮಗೆ ಮೊದಲೇ ತಿಳಿಸಲಿಲ್ಲ ಎಂದು ಸಿದ್ದರಾಮಯ್ಯ ಬರಲಿಲ್ಲ, ಆಹ್ವಾನ ಕಳಿಸಿದ್ದೇವೆ ಎಂದು ಗಡ್ಕರಿ ಪತ್ರ ತೋರಿಸಿದರು. ಹೊಳೆಯಾಚೆಯ ಜನ ಆರು ದಶಕ ಕಾದವರು, ಇದನ್ನೂ ನೋಡಿ ಸುಮ್ಮನಾದರು.

ಆ ಗದ್ದಲದಲ್ಲಿ ಮರೆತುಹೋದ ಪ್ರಶ್ನೆ ಬೇರೆಯದು. ಜನರನ್ನೂ ಗಾಡಿಗಳನ್ನೂ ದಾಟಿಸುವ ದೊಡ್ಡ ದೋಣಿ, ಅಂದರೆ ಲಾಂಚ್ ಇದ್ದ ಕಾಲದಲ್ಲಿ ಹಿನ್ನೀರಿನ ಆಚೆ ದಡಕ್ಕೆ ದಿನಕ್ಕೆ ಎಷ್ಟು ಗಾಡಿ ಹೋಗಬೇಕು, ಎಷ್ಟು ಜನ, ಎಷ್ಟು ಹೊತ್ತಿನ ತನಕ ಎಂಬುದನ್ನು ಯಾವ ಇಲಾಖೆಯೂ ಕೂತು ತೀರ್ಮಾನ ಮಾಡಬೇಕಿರಲಿಲ್ಲ. ಲಾಂಚೇ ತೂಬಿನಂತೆ ಅದನ್ನು ನಿಭಾಯಿಸುತ್ತಿತ್ತು. ಊರಿನವರಿಗೆ ಅದು ಕಾಟ, ಹೊರಗಿನವರ ನುಗ್ಗಾಟಕ್ಕೆ ಅದೇ ತಡೆ. ಈಗ ಕಾಟವೂ ಹೋಯಿತು, ತಡೆಯೂ ಹೋಯಿತು. ಕಾಟ ಹೋದದ್ದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ತಡೆಯ ಜಾಗಕ್ಕೆ ಏನನ್ನು ತಂದಿದ್ದೇವೆ ಎಂದು ಕೇಳಿದರೆ ಸದ್ಯಕ್ಕೆ ತೋರಿಸಲು ಹೆಚ್ಚೇನಿಲ್ಲ.

ಹೊಳೆಯಾಚೆ ಎಂದರೆ

ಸಾಗರ ತಾಲ್ಲೂಕಿನ ಕರೂರು, ಭಾರಂಗಿ ಹೋಬಳಿಗಳ ಬಹುಭಾಗ ಲಿಂಗನಮಕ್ಕಿ ಜಲಾಶಯಕ್ಕೂ ಪಶ್ಚಿಮ ಘಟ್ಟದ ಅಂಚಿಗೂ ನಡುವೆ ಇದೆ. ತುಮರಿ, ಬ್ಯಾಕೋಡು, ಕುದರೂರು, ಕಟ್ಟಿನಕಾರು, ಕಳಸವಳ್ಳಿ, ಸಿಗಂದೂರು ಎಲ್ಲವೂ ಆ ಕಡೆಯವು. ಪತ್ರಿಕೆಗಳು ರೂಢಿಯಿಂದ ಇದನ್ನು ದ್ವೀಪ ಎಂದು ಬರೆಯುತ್ತವೆ. ಹಾಗೆ ಸುತ್ತಲೂ ನೀರೇನಿಲ್ಲ. ಕೊಲ್ಲೂರಿನ ಕಡೆಯಿಂದ ನೆಲದ ದಾರಿ ಇದೆ, ಜೋಗ–ಕಾರ್ಗಲ್–ಕೋಗಾರು ಸುತ್ತಿಕೊಂಡೂ ಬರಬಹುದು. ಆದರೆ ತಾಲ್ಲೂಕು ಕಚೇರಿ, ದೊಡ್ಡ ಆಸ್ಪತ್ರೆ, ಕಾಲೇಜು, ಅಡಿಕೆ ಮಂಡಿ, ಕೋರ್ಟು ಇರುವುದು ಸಾಗರದಲ್ಲಿ. ಅಲ್ಲಿಗೆ ಹೋಗಲು ಒಂದೋ ಕಾಡು ಸುತ್ತಬೇಕು, ಇಲ್ಲವೇ ನೀರು ದಾಟಬೇಕು.

ಈ ನೀರು ಮೊದಲಿಂದ ಇದ್ದದ್ದಲ್ಲ. ಶರಾವತಿಗೆ ಮೊದಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಬಂತು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಕೊಟ್ಟದ್ದು ಅದು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಊರುಗಳ ಜೊತೆ ಆ ಹಳೆಯ ಅಣೆಕಟ್ಟೂ ಮುಳುಗಿತು. ಈಗ ಬೇಸಿಗೆಯ ಕೊನೆಗೆ ನೀರು ತಳ ಹಿಡಿದಾಗ ಹೆಚ್ಚಾದ ನೀರನ್ನು ಹೊರಬಿಡಲು ಕಟ್ಟಿದ್ದ ಅದರ ಸೈಫನ್‌ಗಳು ಮೇಲೆದ್ದು ನಿಲ್ಲುತ್ತವೆ, ನೋಡಲು ಜನ ಹೋಗುತ್ತಾರೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ, ಸಾಮರ್ಥ್ಯ 151 ಟಿಎಂಸಿಗೂ ತುಸು ಹೆಚ್ಚು. ತುಂಬಿದಾಗ ಸುಮಾರು 300 ಚದರ ಕಿಲೋಮೀಟರ್ ನೆಲದ ಮೇಲೆ ನೀರು ಹರಡುತ್ತದೆ. ಆ ನೆಲದಲ್ಲಿ ಗದ್ದೆ, ತೋಟ, ಮನೆ, ದೈವದ ಬನ ಎಲ್ಲ ಇತ್ತು. ಸಾವಿರಾರು ಕುಟುಂಬಗಳನ್ನು ಲಾರಿಯಲ್ಲಿ ಸಾಗಿಸಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ಇಳಿಸಿದರು. ಸ್ವಲ್ಪ ಎತ್ತರದಲ್ಲಿದ್ದ ಊರುಗಳು ಮುಳುಗದೆ ಉಳಿದವು, ಆದರೆ ದಾರಿ ಮುಳುಗಿತು. ಕರೂರು ಸೀಮೆಯವರ ಕಥೆ ಈ ಎರಡನೆಯದು.

ಅಂದರೆ ಸರ್ಕಾರವೇ ಕಟ್ಟಿದ ಅಣೆಕಟ್ಟಿನಿಂದ ಕಡಿದುಹೋದ ದಾರಿಯನ್ನು ಸರ್ಕಾರವೇ ಮತ್ತೆ ಜೋಡಿಸಲು 61 ವರ್ಷ ಬೇಕಾಯಿತು. ‘ನಾಡಿಗೆ ಬೆಳಕು ಕೊಟ್ಟ ಜನ’ ಎಂದು ಎಲ್ಲ ಪಕ್ಷದವರೂ ವೇದಿಕೆಯಲ್ಲಿ ಹೇಳುತ್ತಾರೆ. ಅಣೆಕಟ್ಟಿನ ಅಂದಾಜುಪಟ್ಟಿಯಲ್ಲೇ ಒಂದು ಸೇತುವೆ ಸೇರಿಸಿದ್ದರೆ ಆ ಮಾತಿನ ಅಗತ್ಯವೇ ಬರುತ್ತಿರಲಿಲ್ಲ.

ನೀರಿನ ಮಟ್ಟವೂ ಲಾಂಚಿನ ವೇಳೆಯೂ

ಅಂಬಾರಗೋಡ್ಲಿನ ಕಡವಿಗೆ ಊರವರು ಹೊಳೆಬಾಗಿಲು ಎನ್ನುತ್ತಾರೆ. ಅಲ್ಲಿ ಲಾಂಚ್ ಹತ್ತಿದವರಿಗೆ ಅದರ ಶಿಸ್ತು ಗೊತ್ತು. ಮೊದಲು ಬಸ್ಸೋ ಟೆಂಪೋವೋ ನಡುವಿಗೆ. ಅದರ ಎರಡೂ ಮಗ್ಗುಲಿಗೆ ಕಾರುಗಳು, ಕನ್ನಡಿ ಮಡಚಿ, ಬಾಗಿಲು ತೆಗೆಯಲು ಆಗದಷ್ಟು ಒತ್ತಾಗಿ. ಸಂದಿಗಳಲ್ಲಿ ಬೈಕು. ಉಳಿದ ಸಂದಿಯಲ್ಲಿ ಜನ, ಅಡಿಕೆ ಚೀಲ, ಗ್ಯಾಸ್ ಸಿಲಿಂಡರ್. ‘ಗೇರಲ್ಲೇ ಬಿಡಿ ಸಾರ್, ಹ್ಯಾಂಡ್‌ಬ್ರೇಕ್ ಎಳೀರಿ’ ಎಂದು ಸಿಬ್ಬಂದಿ ಕೂಗುವುದು, ಮುಂದಿನ ಹಲಗೆ ಎತ್ತುವುದು, ಎಂಜಿನ್ ಗುಡುಗುವುದು. ಪ್ರವಾಸಿಗೆ ಅದೊಂದು ಮಜಾ. ಪಿಯುಸಿ ಪರೀಕ್ಷೆಗೆ ಹೊರಟ ಹುಡುಗಿಗೂ ಅದೇ ಲಾಂಚು, ಅದೇ ಸರದಿ.

ಸಂಜೆ ಕೊನೆಯ ಲಾಂಚ್ ಹೋಯಿತೆಂದರೆ ಆಚೆ ದಡ ಆಚೆಗೇ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಡಿದರೆ, ಎದೆ ಹಿಡಿದರೆ ಯಾರನ್ನೋ ಎಬ್ಬಿಸಿ ಲಾಂಚ್ ತರಿಸಬೇಕಿತ್ತು ಅಥವಾ ಘಟ್ಟದ ದಾರಿ ಹಿಡಿಯಬೇಕಿತ್ತು.

ಹೊರಗಿನವರಿಗೆ ಅಷ್ಟಾಗಿ ತಿಳಿಯದ ಸಂಗತಿ ಇನ್ನೊಂದಿದೆ. ಲಾಂಚ್ ನಡೆಯುತ್ತಿದ್ದದ್ದು ನೀರಿನ ಮಟ್ಟದ ಮೇಲೆ, ನೀರಿನ ಮಟ್ಟ ನಿಂತಿರುವುದು ಕರೆಂಟಿನ ಬೇಡಿಕೆಯ ಮೇಲೆ. ಶರಾವತಿ ವಿದ್ಯುದಾಗಾರ 1035 ಮೆಗಾವಾಟಿನದು. ಬೇಸಿಗೆಯಲ್ಲಿ ಇಡೀ ರಾಜ್ಯದ ಫ್ಯಾನು, ಪಂಪ್‌ಸೆಟ್ ತಿರುಗುವಾಗ ಲಿಂಗನಮಕ್ಕಿ ಬರಿದಾಗುತ್ತದೆ. ಪೂರ್ಣ ಮಟ್ಟದಿಂದ 60 ಅಡಿಗೂ ಹೆಚ್ಚು ಇಳಿಯುವ ವರ್ಷಗಳಿವೆ. ಆಗ ದಡ ಎನ್ನುವುದು ಕೆಳಗೆ ಕೆಳಗೆ ಸರಿಯುತ್ತದೆ. ಬಸ್ಸು ಕೆಸರಿನ ಇಳಿಜಾರಿನಲ್ಲಿ ಇಳಿಯಬೇಕಿತ್ತು, ಲಾಂಚಿಗೆ ತಳ ಬಡಿಯುವ ಭಯ ಇತ್ತು. 2023ರಲ್ಲಿ ಮುಂಗಾರು ತಡವಾದಾಗ ಗಾಡಿಗಳನ್ನು ಸಾಗಿಸುವುದು ನಿಂತು ಜನರನ್ನಷ್ಟೇ ದಾಟಿಸುವ ಸ್ಥಿತಿ ಬಂತು. ಎಲ್ಲೋ ಬೆಂಗಳೂರಿನಲ್ಲಿ ಎಷ್ಟು ಎಸಿ ಉರಿಯುತ್ತದೆ ಎಂಬುದರ ಮೇಲೆ ತುಮರಿಯ ಬಸ್ಸಿನ ವೇಳೆ ನಿಂತಿತ್ತು ಎಂದರೆ ಉತ್ಪ್ರೇಕ್ಷೆ ಅಲ್ಲ. ಸೇತುವೆ ಕಡಿದದ್ದು ಈ ಕೊಂಡಿಯನ್ನು. ನನ್ನ ಮಟ್ಟಿಗೆ ಅದರ ನಿಜವಾದ ಸಾಧನೆ ಇದು. ಸಿಗಂದೂರಿಗೆ ಬೇಗ ತಲುಪುವುದು ಆಮೇಲಿನ ಮಾತು.

ಕೇಬಲ್ ಏಕೆ ಬೇಕಾಯಿತು

ನೀರಿನ ಇದೇ ಏರಿಳಿತ ಸೇತುವೆಯ ವಿನ್ಯಾಸವನ್ನೂ ತೀರ್ಮಾನಿಸಿತು. ಸಾಮಾನ್ಯ ಸೇತುವೆಗೆ 30–40 ಮೀಟರಿಗೊಂದು ಕಂಬ ಸಾಕು, ಖರ್ಚೂ ಕಡಿಮೆ. ಆದರೆ ಆಳದ ನೀರಿನಲ್ಲಿ ಪ್ರತಿ ಕಂಬಕ್ಕೂ ತೆಪ್ಪದ ಮೇಲಿನ ಯಂತ್ರದಿಂದ ತಳದ ಬಂಡೆಗೆ ರಂಧ್ರ ಕೊರೆದು, ಕಬ್ಬಿಣ ಇಳಿಸಿ, ನೀರೊಳಗೆ ಕಾಂಕ್ರೀಟ್ ತುಂಬಬೇಕು. ಕಂಬ ಹೆಚ್ಚಾದಷ್ಟೂ ಈ ಕಷ್ಟದ ಕೆಲಸ ಹೆಚ್ಚು. ಹಾಗಾಗಿ ಕಂಬಗಳ ನಡುವಿನ ಅಂತರ ಹಿಗ್ಗಿಸಬೇಕು. ಹಿಗ್ಗಿಸಿದರೆ ನಡುವಿನ ರಸ್ತೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಅದನ್ನು ಮೇಲಿಂದ ಹಿಡಿದುಕೊಳ್ಳಲು ಕೇಬಲ್ ಬೇಕು.

ನಮ್ಮಲ್ಲಿ ಕೇಬಲ್ ಕಂಡರೆ ತೂಗುಸೇತುವೆ ಎಂದುಬಿಡುತ್ತೇವೆ. ಮಲೆನಾಡು, ಕರಾವಳಿಯ ಹೊಳೆಗಳ ಮೇಲೆ ಸುಳ್ಯದ ಗಿರೀಶ್ ಭಾರದ್ವಾಜ್ ಕಟ್ಟಿಕೊಟ್ಟ ನೂರಕ್ಕೂ ಹೆಚ್ಚು ಕಾಲ್ದಾರಿ ಸೇತುವೆಗಳು ತೂಗುಸೇತುವೆಗಳು. ಅದಕ್ಕಾಗಿಯೇ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು. ಅವುಗಳಲ್ಲಿ ದಡದಿಂದ ದಡಕ್ಕೆ ಜೋತುಬಿದ್ದ ಮುಖ್ಯ ಹಗ್ಗ ಇರುತ್ತದೆ, ಅದಕ್ಕೆ ಹಲಗೆ ನೇತುಬಿದ್ದಿರುತ್ತದೆ, ನಡೆದರೆ ತೂಗುತ್ತದೆ. ಬೆಂಗಳೂರಿನ ಕೆ.ಆರ್. ಪುರಂನಲ್ಲಿ 2003ರಲ್ಲಿ ಆದದ್ದು ಬೇರೆ ಜಾತಿ. ಅಲ್ಲಿ ಎತ್ತರದ ಗೋಪುರದಿಂದ ಕೇಬಲ್‌ಗಳು ಓರೆಯಾಗಿ ಬಂದು ನೇರ ರಸ್ತೆಯನ್ನೇ ಹಿಡಿಯುತ್ತವೆ, ಭಾರದ ಬಹುಪಾಲು ಕೇಬಲ್‌ನದು.

ಸಿಗಂದೂರಿನದು ಇವೆರಡೂ ಅಲ್ಲದ ಮೂರನೆಯದು, ಎಂಜಿನಿಯರುಗಳ ಭಾಷೆಯಲ್ಲಿ ಎಕ್ಸ್‌ಟ್ರಾಡೋಸ್ಡ್. ಹತ್ತಿರ ಹೋಗಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಗೋಪುರಗಳು ಗಿಡ್ಡ. ಕೇಬಲ್‌ಗಳು ಮೇಲಿಂದ ಇಳಿಯುವ ಬದಲು ರಸ್ತೆಯ ಮೇಲೆ ಬಹುತೇಕ ಮಲಗಿದಂತೆ ಸಾಗುತ್ತವೆ. ರಸ್ತೆಯ ಕೆಳಗಿನ ಕಾಂಕ್ರೀಟ್ ಪೆಟ್ಟಿಗೆ ಕಂಬದ ಹತ್ತಿರ ದಪ್ಪ, ನಡುವಿಗೆ ಬರುತ್ತ ತೆಳು. ಇಲ್ಲಿ ಭಾರದ ದೊಡ್ಡ ಪಾಲು ಹೊರುವುದು ಆ ಪೆಟ್ಟಿಗೆಯೇ. ಕೇಬಲ್ ಅದನ್ನು ಉದ್ದುದ್ದಕ್ಕೆ ಬಿಗಿಯಾಗಿ ಒತ್ತಿ ಹಿಡಿದು ಬಿರುಕು ಬಿಡದಂತೆ ನೋಡಿಕೊಳ್ಳುತ್ತದೆ. ಪೂರ್ತಿ ಕೇಬಲ್ ಸೇತುವೆಯಲ್ಲಿ ಗೋಪುರದ ಎತ್ತರ ಅಂತರದ ಐದನೇ ಒಂದು ಪಾಲಿನ ಆಸುಪಾಸು ಇರಬೇಕಾದರೆ, ಇಲ್ಲಿ ಅದರ ಅರ್ಧ ಅಥವಾ ಇನ್ನೂ ಕಡಿಮೆ ಸಾಕು. ಫ್ರಾನ್ಸಿನ ಎಂಜಿನಿಯರ್ ಜಾಕ್ ಮಥಿವಾ 1988ರಲ್ಲಿ ಮುಂದಿಟ್ಟ ಯೋಚನೆ ಇದು. ಮೊದಲು ಕಟ್ಟಿದವರು ಜಪಾನಿನವರು, ಒಡವಾರದಲ್ಲಿ, 1994ರಲ್ಲಿ. ನಮ್ಮ ದೇಶದಲ್ಲಿ ಕೋಲ್ಕತ್ತದ ನಿವೇದಿತಾ ಸೇತು, ಗುಜರಾತಿನ ಭರೂಚ್ ಬಳಿಯ ನರ್ಮದಾ ಸೇತುವೆ ಇದೇ ಬಗೆಯವು. ಕಂಬಗಳ ಅಂತರ 100ರಿಂದ 200 ಮೀಟರ್ ಇರುವಲ್ಲಿ ಇದು ಲಾಭದ ಲೆಕ್ಕ. ಇಲ್ಲಿಯ ದೊಡ್ಡ ಅಂತರ 177 ಮೀಟರ್, ಅಂದರೆ ಆ ಅಳತೆಗೆ ಸರಿಯಾಗಿ ಕೂರುತ್ತದೆ.

ಕಟ್ಟುವ ಕ್ರಮವೂ ನೀರಿಗೆ ಹೊಂದಿದ್ದು. ಇಷ್ಟು ಆಳದಲ್ಲಿ ಕೆಳಗಿನಿಂದ ಆಸರೆ ಕೊಟ್ಟು ಸೆಂಟ್ರಿಂಗ್ ಹೊಡೆಯಲು ಆಗುವುದಿಲ್ಲ. ಹಾಗಾಗಿ ಕಂಬದ ತಲೆಯಿಂದ ಶುರು ಮಾಡಿ ಎಡಕ್ಕೊಂದು ತುಂಡು, ಬಲಕ್ಕೊಂದು ತುಂಡು ಕಾಂಕ್ರೀಟ್ ಹಾಕುತ್ತ, ಎರಡೂ ಕಡೆ ಸಮತೂಕ ಕಾಯ್ದುಕೊಂಡು ಗಾಳಿಯಲ್ಲೇ ಮುಂದೆ ಹೋಗುತ್ತಾರೆ. ಎದುರಿನ ಕಂಬದಿಂದ ಬರುವ ತೋಳು ನಡುವಲ್ಲಿ ಸಿಕ್ಕಾಗ ಬೆಸುಗೆ. ಲಾಂಚಿನಲ್ಲಿ ಓಡಾಡುತ್ತಿದ್ದವರು ವರ್ಷಗಟ್ಟಲೆ ಇದನ್ನು ಕತ್ತೆತ್ತಿ ನೋಡಿದ್ದಾರೆ. ನೀರಿನ ನಡುವೆ ರೆಕ್ಕೆ ಬಿಚ್ಚಿ ನಿಂತ ಒಂಟಿ ಕಂಬಗಳು, ಒಂದಕ್ಕೊಂದು ಮುಟ್ಟಲು ಇನ್ನೊಂದಿಷ್ಟು ಗಜ ಬಾಕಿ. 2018ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆ ಆಗಿ, 2019ರ ಕೊನೆಗೆ ಕೆಲಸ ಹಿಡಿದು, ನಡುವೆ ಕೊರೊನಾ ಕಾಲ ದಾಟಿ, 470 ಕೋಟಿ ರೂಪಾಯಿಗೂ ಮೇಲೆ ಖರ್ಚಾಗಿ ಮುಗಿದ ಕೆಲಸ ಇದು.

ಇನ್ನು ಉದ್ದದ ಜಂಬ. ಸಂಪರ್ಕ ರಸ್ತೆ ಸೇರಿಸಿದರೆ 2.44 ಕಿಲೋಮೀಟರ್, ಸೇತುವೆ ಮಾತ್ರ ಹಿಡಿದರೆ ಸುಮಾರು 2.1. ಅದರಲ್ಲಿ ಕೇಬಲ್ ಇರುವ ಭಾಗ ಸುಮಾರು 740 ಮೀಟರ್. ಉಳಿದದ್ದು ಕೇಬಲ್ ಇಲ್ಲದ ಕಾಂಕ್ರೀಟ್ ಸೇತುವೆ. 2024ರಲ್ಲಿ ತೆರೆದ ದ್ವಾರಕೆಯ ಸುದರ್ಶನ ಸೇತು 2.32 ಕಿಲೋಮೀಟರ್, ಅಲ್ಲೂ ಪೂರ್ತಿ ಕೇಬಲ್ ಇಲ್ಲ. ಯಾವುದನ್ನು ಎಲ್ಲಿಂದ ಅಳೆಯುತ್ತೀರಿ ಎಂಬುದರ ಮೇಲೆ ಒಂದನೆಯದೋ ಎರಡನೆಯದೋ ಆಗುತ್ತದೆ. ಬೋರ್ಡ್ ಬರೆಸುವವರಿಗೆ ಬಿಟ್ಟರೆ ಬೇರೆಯವರಿಗೆ ಇದರಿಂದ ಆಗಬೇಕಾದ್ದಿಲ್ಲ.

ನಿಗಾ ಎಂಬ ಬೇಸರದ ಕೆಲಸ

ಆಗಬೇಕಾದ್ದು ಬೇರೆ ಕಡೆ ಇದೆ. ಇಂಥ ಸೇತುವೆಯ ಕೇಬಲ್ ಎಂದರೆ ಒಂದೇ ದಪ್ಪ ಸರಳಲ್ಲ. 7 ತಂತಿ ಹೆಣೆದ, 15 ಮಿಲಿಮೀಟರ್ ಆಸುಪಾಸಿನ ಎಳೆಗಳ ಕಟ್ಟು, ಅದರ ಮೇಲೆ ಪ್ಲಾಸ್ಟಿಕ್ ಕೊಳವೆಯ ಹೊದಿಕೆ. ಎಕ್ಸ್‌ಟ್ರಾಡೋಸ್ಡ್ ಸೇತುವೆಯಲ್ಲಿ ಗಾಡಿ ಓಡಾಟದಿಂದ ಕೇಬಲ್ ಮೇಲಾಗುವ ಎಳೆತದ ಏರಿಳಿತ ಕಡಿಮೆ. ಆ ಧೈರ್ಯದಿಂದ ಕೇಬಲನ್ನು ಅದರ ಒಟ್ಟು ತಾಕತ್ತಿನ ಶೇ 60ರ ತನಕ ಎಳೆದಿಡಲು ಒಪ್ಪುತ್ತಾರೆ. ಪೂರ್ತಿ ಕೇಬಲ್ ಸೇತುವೆಯಲ್ಲಿ ಅದು ಶೇ 45ರ ಹತ್ತಿರ. ಕೇಬಲ್ ಹೀಗೆ ಹೆಚ್ಚು ಬಿಗಿಯಾಗಿ ದುಡಿಯುವಾಗ ಅದರೊಳಗೆ ತುಕ್ಕು ಸೇರಕೂಡದು. ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆ, ಉಳಿದ ಕಾಲ ಜಲಾಶಯದ ತೇವ ಇರುವ ಜಾಗ ಇದು. ಕೇಬಲ್ ರಸ್ತೆಗೆ ಸೇರುವ ತುದಿಯಲ್ಲಿ ನೀರು ನಿಂತಿತೇ, ಹೊದಿಕೆ ಸೀಳಿತೇ, ಜೋಡಣೆಯ ರಬ್ಬರ್ ಸವೆಯಿತೇ, ಬೇರಿಂಗ್ ಕೂತಿತೇ ಎಂದು ಯಾರಾದರೂ ಹತ್ತಿ ಇಳಿದು ನೋಡುತ್ತಿರಬೇಕು. ಇದರಲ್ಲಿ ರಿಬ್ಬನ್ ಕತ್ತರಿಸುವ ಅವಕಾಶವಿಲ್ಲ, ಹಾಗಾಗಿ ನಮ್ಮಲ್ಲಿ ಇದು ಸೊರಗುತ್ತದೆ.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ರಾಷ್ಟ್ರೀಯ ಹೆದ್ದಾರಿಯ ಸೇತುವೆ, ವಯಸ್ಸು ನಾಲ್ಕು ದಶಕ. ಅಲ್ಲಿ ಪಕ್ಕದಲ್ಲೇ ಹೊಸ ಸೇತುವೆ ಇತ್ತು, ಹೇಗೋ ನಡೆಯಿತು. ಸಿಗಂದೂರಿನಲ್ಲಿ ಪಕ್ಕದಲ್ಲಿ ಇರುವುದು ನೀರು ಮಾತ್ರ. ದುರಸ್ತಿಗೆಂದು ಹದಿನೈದು ದಿನ ಮುಚ್ಚಬೇಕಾಗಿ ಬಂದರೂ ಆಚೆಯವರು ಮತ್ತೆ 1964ಕ್ಕೆ ಹೋಗುತ್ತಾರೆ. ಒಂದು ಲಾಂಚನ್ನಾದರೂ ಸುಸ್ಥಿತಿಯಲ್ಲಿ ಇಟ್ಟುಕೊಂಡಿರಿ ಎಂದು ಊರಿನವರು ಕೇಳಿದರೆ ಅದನ್ನು ಹಳೆಯದರ ಮೋಹ ಎಂದು ತಳ್ಳಿಹಾಕಬಾರದು. ಪ್ರವಾಸಿಗರ ವಿಹಾರಕ್ಕೆ ದೋಣಿ ಬಿಡುವ ಮಾತು ಬಂದಾಗಲೆಲ್ಲ ಈ ಬೇಡಿಕೆಯನ್ನೂ ಅದಕ್ಕೇ ಜೋಡಿಸುವುದು ಸುಲಭ: ವಿಹಾರಕ್ಕೂ ಆಗಲಿ, ಆಪತ್ತಿಗೂ ಸಿಗಲಿ.

ಯಾರಿಗೆ ಎಷ್ಟು

ಸೇತುವೆಯಿಂದ ಊರಿನವರಿಗೆ ಆದ ಅನುಕೂಲವನ್ನು ಪಟ್ಟಿ ಮಾಡುವ ಅಗತ್ಯ ಇಲ್ಲ. ಆಂಬುಲೆನ್ಸ್ ನಡುರಾತ್ರಿ ದಾಟುತ್ತದೆ. ಸಾಗರದಲ್ಲಿ ರೂಮು ಮಾಡಿಕೊಂಡಿದ್ದ ಕಾಲೇಜು ಮಕ್ಕಳು ಮನೆಯಿಂದಲೇ ಓಡಾಡುವ ಲೆಕ್ಕ ಹಾಕುತ್ತಿದ್ದಾರೆ. ಅಡಿಕೆ ಲೋಡು ಮಂಡಿಗೆ ಹೋಗಿ ಅದೇ ದಿನ ಗಾಡಿ ವಾಪಸ್. ಆದರೆ ಆಂಬುಲೆನ್ಸ್ ದಾಟುವುದು ಬೇರೆ, ಹತ್ತಿರದಲ್ಲೇ ಡಾಕ್ಟರ್ ಇರುವುದು ಬೇರೆ. 2019ರಲ್ಲಿ ಇದೇ ಸೀಮೆಯ ಅರಳಗೋಡಿನಲ್ಲಿ ಮಂಗನ ಕಾಯಿಲೆ ಎದ್ದಾಗ ಜನ ಒದ್ದಾಡಿದ್ದು ಸ್ಥಳೀಯ ಆಸ್ಪತ್ರೆಯ ಕೊರತೆಯಿಂದ, ಮಣಿಪಾಲಕ್ಕೆ ಓಡಬೇಕಾದ್ದರಿಂದ. ಸೇತುವೆ ಬಂತಲ್ಲ, ಇನ್ನು ಸಾಗರಕ್ಕೇ ಬನ್ನಿ ಎಂದು ತುಮರಿ, ಬ್ಯಾಕೋಡಿನ ಹುದ್ದೆಗಳನ್ನು ಖಾಲಿ ಬಿಡುವ ಸೌಕರ್ಯ ಸರ್ಕಾರಕ್ಕೆ ಈಗ ಸಿಕ್ಕಿದೆ. ಮಕ್ಕಳ ಸಂಖ್ಯೆ ಇಳಿದ ಶಾಲೆಗಳಿಗೂ ಇದೇ ತರ್ಕ ಬರಬಹುದು. ರಸ್ತೆ ಬಂದ ಕಡೆಯಿಂದ ಸೇವೆ ಹೊರಗೆ ಹೋಗುವುದು ಮಲೆನಾಡಿನಲ್ಲಿ ಹೊಸತಲ್ಲ.

ಹೊರಗಿನವರ ಲೆಕ್ಕ ಇನ್ನೂ ದೊಡ್ಡದು. ಸಿಗಂದೂರು ಚೌಡೇಶ್ವರಿ ಮಲೆನಾಡಿಗೆ ಕಾವಲಿನ ದೇವರು. ‘ಈ ಸ್ಥಳಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ’ ಎಂಬ ಫಲಕ ತೂಗದ ಅಡಿಕೆ ತೋಟ, ಸೈಟು, ಗುಜರಿ ಅಂಗಡಿ ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಭಕ್ತರು ಮೊದಲೂ ಬರುತ್ತಿದ್ದರು, ಆದರೆ ಹೊಳೆಬಾಗಿಲಿನಲ್ಲಿ ಸರದಿ ನಿಲ್ಲುತ್ತಿದ್ದರು. ಈಗ ಜೋಗ, ಸಿಗಂದೂರು, ಕೊಲ್ಲೂರು, ಮುರುಡೇಶ್ವರ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ವಾರದ ಕೊನೆಗೆ ಬೆಂಗಳೂರಿನ ಗಾಡಿಗಳು ಸೇತುವೆಯ ಮೇಲೆಯೇ ನಿಂತು ಸೆಲ್ಫಿ, ರೀಲ್ಸ್ ಮಾಡುತ್ತವೆ. ಎರಡು ಲೇನಿನ ಸೇತುವೆಯಲ್ಲಿ ಸಾಲಾಗಿ ನಾಲ್ಕು ಕಾರು ನಿಂತರೆ ಹಿಂದಿನ ಬಸ್ಸಿಗೆ, ಆಂಬುಲೆನ್ಸಿಗೆ ದಾರಿ ಎಲ್ಲಿ? ಪಕ್ಕದಲ್ಲಿ ನಡೆಯಲು ಜಾಗ ಇದೆ. ದಡದಲ್ಲಿ ಗಾಡಿ ನಿಲ್ಲಿಸಿ ನಡೆದು ಹೋಗಿ ನೋಡುವ ವ್ಯವಸ್ಥೆ ಮಾಡಿದ್ದರೆ ಹೊಳೆಬಾಗಿಲಿನ ಅಂಗಡಿಗಳೂ ಬದುಕುತ್ತಿದ್ದವು. ಲಾಂಚಿಗೆ ಕಾಯುವವರನ್ನೇ ನಂಬಿ ಚಹಾ, ಮಂಡಕ್ಕಿ, ಅನಾನಸ್ ಹೋಳು ಮಾರುತ್ತಿದ್ದವರು ಅವರು. ಸೇತುವೆಯ ಗಾಡಿಗಳು ಅವರ ತಲೆಯ ಮೇಲಿಂದಲೇ ಹಾದುಹೋಗುತ್ತವೆ. ‘ಸೇತುವೆ ಬೇಕು ಅಂತ ನಾವೂ ಕೂಗಿದ್ದು ಮಾರಾಯ್ರೆ, ಬೇಡ ಅನ್ನಕ್ಕೆ ಬಾಯಿಲ್ಲ’ ಎಂದು ಅಲ್ಲಿಯ ಅಂಗಡಿಯವರೊಬ್ಬರು ಚಹಾ ಸೋಸುತ್ತ ಹೇಳಿದರು. ‘ನಮಗೆ ಮೇಲಿನ ರಸ್ತೆ ಬದಿಗೆ ಹತ್ತಡಿ ಜಾಗ ಕೊಟ್ರೆ ಸಾಕಿತ್ತು.’

ಸೇತುವೆಯ ಅಗಲ 16 ಮೀಟರ್. ಅದರ ಎರಡೂ ತುದಿಯ ರಸ್ತೆ ಆ ಅಗಲದ್ದಲ್ಲ. ಸಾಗರದಿಂದ ಆವಿನಹಳ್ಳಿ ಮೇಲೆ ಬರುವ ದಾರಿ, ಆಚೆ ತುಮರಿ, ಬ್ಯಾಕೋಡು ದಾಟಿ ಮರಕುಟಿಕದ ಕಡೆ ಹೋಗುವ ದಾರಿ ಕಾಗದದಲ್ಲಿ ರಾಷ್ಟ್ರೀಯ ಹೆದ್ದಾರಿ 369ಇ. ನೆಲದ ಮೇಲೆ ಎದುರು ಬಸ್ಸು ಬಂದರೆ ಒಂದು ಗಾಲಿ ಮಣ್ಣಿಗೆ ಇಳಿಸಬೇಕಾದ ತಿರುವುಗಳು ಅದರಲ್ಲಿವೆ. ರಸ್ತೆ ಅಗಲವಾಗಲಿ ಎಂಬ ಒತ್ತಾಯ ಬರುವುದು ಸಹಜ. ಅಗಲ ಮಾಡಬೇಕಾದ ಜಾಗದಲ್ಲಿರುವುದು ಕಾಡು. 2019ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಸುಮಾರು 930 ಚದರ ಕಿಲೋಮೀಟರಿನದು. ಸಿಂಗಳೀಕ ನೆಲಕ್ಕಿಳಿಯುವುದು ಕಡಿಮೆ, ಕೊಂಬೆಯಿಂದ ಕೊಂಬೆಗೆ ಹೋಗುವ ಪ್ರಾಣಿ. ರಸ್ತೆ ಎರಡು ಪಟ್ಟಾದರೆ ಮೇಲೆ ಕೊಂಬೆ ಕೂಡುವುದಿಲ್ಲ, ಗುಂಪು ಎರಡಾಗುತ್ತದೆ ಅಥವಾ ರಸ್ತೆಗೆ ಇಳಿಯುತ್ತದೆ. ಇಳಿದರೆ ಆಗುಂಬೆ ಘಾಟಿಯ ಮಂಗಗಳಿಗೆ ಆದದ್ದೇ ಇವಕ್ಕೂ: ಕಾರಿನ ಕಿಟಕಿಯಿಂದ ಬಾಳೆಹಣ್ಣು, ಚಿಪ್ಸು, ಕೊನೆಗೆ ಗಾಲಿ.

ನನಗೆ ತೋರುವಂತೆ ಇಲ್ಲಿ ಆಯ್ಕೆ ರಸ್ತೆಯೋ ಕಾಡೋ ಎಂದಲ್ಲ. ತುಮರಿಯ ಬಸ್ಸು, ಅಡಿಕೆ ಲಾರಿ, ಆಂಬುಲೆನ್ಸಿಗೆ ಈಗಿನ ಅಗಲವೇ ಸಾಕು, ತಿರುವುಗಳನ್ನು ಸರಿಪಡಿಸಿ ಅಲ್ಲಲ್ಲಿ ದಾರಿ ಬಿಡುವ ಜಾಗ ಮಾಡಿದರೆ ಆಯಿತು. ಅಗಲ ಸಾಲದಿರುವುದು ಶನಿವಾರ, ಭಾನುವಾರ ಮತ್ತು ಸಂಕ್ರಾಂತಿಯ ಜಾತ್ರೆಗೆ. ಆ ಕೆಲವು ದಿನಗಳಿಗೆ ಈಚೆ ದಡದಲ್ಲೇ ಕಾರು ನಿಲ್ಲಿಸಿ ಬಸ್ಸಿನಲ್ಲಿ ದೇವಸ್ಥಾನಕ್ಕೆ ಕರೆದೊಯ್ಯುವ ಪದ್ಧತಿ ತಂದರೆ ಮರ ಕಡಿಯುವ ಮಾತು ಅರ್ಧ ತಪ್ಪುತ್ತದೆ. ಲಾಂಚ್ ತಾನಾಗಿ ಮಾಡುತ್ತಿದ್ದುದನ್ನು ಈಗ ಬೇಕೆಂದೇ ಮಾಡಬೇಕು, ಅಷ್ಟೇ. ಊರಿನ ಗಾಡಿಗೆ ಯಾವ ಕಟ್ಟೂ ಇರಕೂಡದು ಎಂಬುದು ಅದರ ಮೊದಲ ಷರತ್ತು. ಜಾಗದ ವ್ಯಾಪಾರವೂ ಶುರುವಾಗುವ ಲಕ್ಷಣ ಇದೆ. ಹಿನ್ನೀರು ಕಾಣುವ ಗುಡ್ಡ ರೆಸಾರ್ಟಿಗೆ ಹೋದರೆ ಕೊಂಡವರಿಗೆ ದಾಖಲೆ ಹೇಗೋ ಆಗುತ್ತದೆ. ಅದೇ ಕಣಿವೆಯಿಂದ ಮುಳುಗಡೆಯಲ್ಲಿ ಎದ್ದುಹೋದ ಹಲವರಿಗೆ ಅವರು ಕೂತ ನೆಲಕ್ಕೆ ಇಂದಿಗೂ ಹಕ್ಕುಪತ್ರ ಬಂದಿಲ್ಲ. ಕೇಂದ್ರದ ಒಪ್ಪಿಗೆ ಪಡೆಯದೆ ಅವರಿಗಾಗಿ ಅರಣ್ಯಭೂಮಿ ಬಿಡುಗಡೆ ಮಾಡಿದ್ದ ರಾಜ್ಯದ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದ ಮೇಲೆ ಆ ಕಡತ ಇನ್ನೂ ಓಡಾಡುತ್ತಲೇ ಇದೆ.

ಸೇತುವೆಗೆ 61 ವರ್ಷ ಹಿಡಿದ ಕಣಿವೆಯಲ್ಲೇ ತಳಕಳಲೆ–ಗೇರುಸೊಪ್ಪೆ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಎತ್ತಿಟ್ಟು ಬೇಕಾದಾಗ ಇಳಿಸಿ ಕರೆಂಟ್ ತೆಗೆಯುವ) ಯೋಜನೆಗೆ ಸರ್ಕಾರ ತೋರುತ್ತಿರುವ ಅವಸರವನ್ನು ಪಕ್ಕದಲ್ಲಿಟ್ಟು ನೋಡಿದರೆ ಯಾರ ಅಗತ್ಯಕ್ಕೆ ಎಷ್ಟು ವೇಗ ಎಂಬುದು ತಿಳಿಯುತ್ತದೆ.

ಹಿನ್ನೀರಿನಲ್ಲಿ ಕಡವು ಇದೊಂದೇ ಅಲ್ಲ. ಮುಪ್ಪಾನೆಯಲ್ಲಿ ಲಾಂಚ್ ಇದೆ. ಸಾಗರದಿಂದ ನಿಟ್ಟೂರು, ಕೊಲ್ಲೂರಿನ ದಿಕ್ಕಿಗೆ ಹೋಗುವವರಿಗೆ ಹಸಿರುಮಕ್ಕಿಯಲ್ಲಿ ಇನ್ನೊಂದಿದೆ. ಅಲ್ಲಿ ಸೇತುವೆಯ ಕೆಲಸ ವರ್ಷಗಳಿಂದ ಎಳೆಯುತ್ತಿದೆ. ಅದು ಮುಗಿದಾಗ ಕೊಲ್ಲೂರಿನ ಗಾಡಿಗಳು ಎರಡು ದಾರಿಗೆ ಹಂಚಿಹೋಗುತ್ತವೋ ಅಥವಾ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರುವ ಸುತ್ತುದಾರಿಯಾಗಿ ದಟ್ಟಣೆ ಇನ್ನೂ ಬೆಳೆಯುತ್ತದೋ ಎಂದು ಹೇಳಲು ಈಗಿನ ಓಡಾಟದ ಅಂಕಿ ಕೈಯಲ್ಲಿರಬೇಕು. ಲಾಂಚಿನ ಕಾಲದಲ್ಲಿ ಟಿಕೆಟ್ ಪುಸ್ತಕದ ಅಡಿಹಾಳೆಯಲ್ಲೇ ಆ ಲೆಕ್ಕ ಸಿಗುತ್ತಿತ್ತು. ಸೇತುವೆಗೆ ಟಿಕೆಟ್ ಇಲ್ಲ, ಇರಬಾರದು ಕೂಡ. ಹೊಳೆಬಾಗಿಲಿನಲ್ಲಿ ಒಂದು, ಬ್ಯಾಕೋಡಿನಾಚೆ ಒಂದು ಗಾಡಿ ಎಣಿಸುವ ಕ್ಯಾಮೆರಾ ಇಟ್ಟು, ಹಸಿರುಮಕ್ಕಿ ತೆರೆಯುವ ಮೊದಲೇ ಒಂದು ಮಳೆಗಾಲ, ಒಂದು ಜಾತ್ರೆ, ಒಂದು ಬೇಸಿಗೆ ರಜೆಯ ಲೆಕ್ಕ ಹಿಡಿಯುವುದು ಹೆದ್ದಾರಿ ಇಲಾಖೆಗೆ ದೊಡ್ಡ ಖರ್ಚಿನ ಮಾತಲ್ಲ.